ಶುರುವಿಗೆ ಮುಂಚಿನ ನಾಲ್ಕು ಏಟು

ಲೋವೆಲ್ ಸ್ಟ್ರೌಸ್‌ನ ಹೆಬ್ಬೆರಳನ್ನು ಇಡೀ ಇಂಡಿಯಾನಾದ ಡ್ರಮ್ ಕೋರ್ ಮಂದಿ, ಅಂದರೆ ಮೈದಾನದಲ್ಲಿ ಕವಾಯತು ಮಾಡುತ್ತಾ ನುಡಿಸುವ ವಾದ್ಯತಂಡಗಳವರು, ನಂಬುತ್ತಿದ್ದರು. ವರ್ಷವಿಡೀ ಹಳ್ಳಿ ರಸ್ತೆಗಳಲ್ಲಿ ಅಂಚೆ ವ್ಯಾನು ಓಡಿಸುವ ಈ ಮನುಷ್ಯ ಆಗಸ್ಟ್ ಬಂತೆಂದರೆ ರಜೆ ಹಾಕಿ ಬಂದುಬಿಡುತ್ತಿದ್ದ. ತಂಡಗಳ ದೊಡ್ಡ ಪಂದ್ಯಕ್ಕೆ ಒಂದು ದಿನ ಮುಂಚೆ ಒಂಟಿ ವಾದಕರ ಸ್ಪರ್ಧೆ. ಅದರಲ್ಲಿ ಸ್ನೇರ್ ಡ್ರಮ್ಮಿನ ಕೋಣೆಯಲ್ಲಿ ಕೂತು ಸ್ಟಾಪ್‌ವಾಚ್ ಒತ್ತುವುದು ಒಂಬತ್ತು ವರ್ಷದಿಂದ ಅವನ ಕೆಲಸ. ಸಂಬಳವಿಲ್ಲ. ಒಂದು ಟೋಪಿ ಮತ್ತು ಮಧ್ಯಾಹ್ನಕ್ಕೆ ತಣ್ಣಗಿನ ಟರ್ಕಿ ಸ್ಯಾಂಡ್‌ವಿಚ್ ಕೊಡುತ್ತಿದ್ದರು, ಅಷ್ಟೆ.

ಪದಕ ಯಾರಿಗೆ ಎಂದು ತೀರ್ಮಾನಿಸುವ ರೀತಿ ನೋಡಲು ಸರಳ. ಇಬ್ಬರು ತೀರ್ಪುಗಾರರು. ಏನು ಬಾರಿಸಿದರು ಎಂಬುದಕ್ಕೆ ಒಬ್ಬರು ನೂರಕ್ಕೆ ಅಂಕ ಕೊಡುತ್ತಾರೆ, ಹೇಗೆ ಬಾರಿಸಿದರು ಎಂಬುದಕ್ಕೆ ಇನ್ನೊಬ್ಬರು. ಎರಡನ್ನೂ ಕೂಡಿಸಿ ಅರ್ಧ ಮಾಡುತ್ತಾರೆ. ಮೂರು ನಿಮಿಷ ಮೀರುವಂತಿಲ್ಲ. ಮೀರಿದ ಪ್ರತಿ ಸೆಕೆಂಡಿಗೆ ಒಂದು ದಶಾಂಶ ಖೋತಾ, ಸೆಕೆಂಡಿನ ಚೂರಾದರೂ ಪೂರ್ತಿಯೆಂದೇ ಲೆಕ್ಕ. ಮೇಲಿನ ಹತ್ತು ಜನರ ನಡುವೆ ಒಂದು ಅಂಕದ ಅಂತರವೂ ಇರುವುದಿಲ್ಲವಾದ್ದರಿಂದ ಆ ದಶಾಂಶಕ್ಕೆ ಮಕ್ಕಳು ಜೀವ ಬಿಡುತ್ತಾರೆ. ಬಾರಿಸುವುದು ಶುರುವಾದದ್ದು ಯಾವಾಗ ಎಂದು ಹೇಳುವ ಅಧಿಕಾರ ಮಾತ್ರ ಗಡಿಯಾರ ಹಿಡಿದವನದು. ತೀರ್ಪುಗಾರರು ಕಾಗದದ ಮೇಲೆ ತಲೆ ಬಗ್ಗಿಸಿರುತ್ತಾರೆ.

ಈ ವರ್ಷ ಪಟ್ಟಿಯ ಹದಿನಾಲ್ಕನೇ ಹೆಸರು ಅವನ ಮಗಳು ಮಾರ್ನಿಯದು. ತೀರ್ಪುಗಾರರಿಗೆ ಸ್ಪರ್ಧಿಗಳ ಪೈಕಿ ನಂಟರಿದ್ದರೆ ಎದ್ದುಹೋಗಬೇಕು ಎಂಬ ನಿಯಮವಿದೆ. ಗಡಿಯಾರದವನ ಬಗ್ಗೆ ಯಾರೂ ಏನೂ ಬರೆದಿಟ್ಟಿರಲಿಲ್ಲ. ಆದರೂ ಲೋವೆಲ್ ಬೆಳಗ್ಗೆಯೇ ಮುಖ್ಯ ತೀರ್ಪುಗಾರ್ತಿ ವಾಂಡಾ ಪ್ರೂಯಿಟ್ ಹತ್ತಿರ ಹೋಗಿ, ಆ ಮೂರು ನಿಮಿಷಕ್ಕೆ ಬೇರೆ ಯಾರನ್ನಾದರೂ ಕೂರಿಸು ಎಂದು ಕೇಳಿದ್ದ.

"ಗಡಿಯಾರಕ್ಕೆ ಮಕ್ಕಳು ಮರಿ ಇರಲ್ಲ ಕಣೋ ಲೋವೆಲ್," ಎಂದಳು ವಾಂಡಾ, ಕಾಫಿ ಊದುತ್ತಾ. "ನಿನ್ನ ಬಿಟ್ರೆ ಆ ಹ್ಯಾಂಕ್ ಇದಾನೆ. ಅವ್ನು ಒತ್ತೋಷ್ಟರಲ್ಲಿ ಮಗು ಬಾರಿಸಿ ಮನೆಗ್ ಹೋಗಿರುತ್ತೆ. ತೆಪ್ಪಗೆ ಕೂತ್ಕೋ."

ಅವನು ಕೂತ. ಒಳಗೊಳಗೇ ಕೂರಬೇಕೆಂದೂ ಇತ್ತು.

ಮಾರ್ನಿಗೆ ಇದು ಕೊನೆಯ ಬೇಸಿಗೆ. ಇಪ್ಪತ್ತೆರಡು ತುಂಬಿದವರಿಗೆ ಮುಂದಿನ ವರ್ಷ ತಂಡದಲ್ಲಿ ಜಾಗವಿಲ್ಲ. ಎಷ್ಟು ಚೆನ್ನಾಗಿ ಬಾರಿಸಿದರೂ ಸರಿ, ಕೈಮುಗಿದು ಹೊರಗೆ ನಡೆಯಬೇಕು. ಐದು ಬೇಸಿಗೆ ಶಾಲೆಗಳ ಜಿಮ್ ನೆಲದ ಮೇಲೆ ಮಲಗಿ, ದಿನಕ್ಕೆ ಹನ್ನೆರಡು ತಾಸು ಬಿಸಿಲಲ್ಲಿ ಬೆಂದು, ಕಾಲ್ಚೀಲದ ಗೆರೆಯಿಂದ ಕೆಳಗೆ ಬಿಳಿ, ಮೇಲೆ ಕಂದು ಆದ ಹುಡುಗಿ. ಒಂಟಿ ಸ್ಪರ್ಧೆಯಲ್ಲಿ ಒಮ್ಮೆ ಮೂರನೆಯವಳಾಗಿದ್ದಳು, ಒಮ್ಮೆ ಎರಡನೆಯವಳು. ಉಳಿದ ವರ್ಷಗಳಲ್ಲಿ ಒಂಟಿಯಾಗಿ ಬಾರಿಸಲೇ ಇಲ್ಲ. ತಮ್ಮ ಟೋಬಿನ್ ಜೊತೆ ಜೋಡಿ ಸ್ಪರ್ಧೆಗೆ ಇಳಿದಿದ್ದಳು.

ಟೋಬಿನ್ ಹೋದ ಫೆಬ್ರವರಿಯಲ್ಲಿ ತೀರಿಕೊಂಡ. ಹಿಮಗಟ್ಟಿದ ಸೇತುವೆ, ಪಿಕಪ್ ಗಾಡಿ, ಹತ್ತೊಂಬತ್ತು ವಯಸ್ಸು. ಅದಾದ ಮೇಲೆ ಲೋವೆಲ್‌ನ ಮನೆಯಲ್ಲಿ ಬದುಕಿದ್ದವರಿಗಿಂತ ಸತ್ತವನದೇ ಓಡಾಟ ಜಾಸ್ತಿಯಾಗಿತ್ತು. ಮಾರ್ನಿ ಪ್ರವಾಸದಿಂದ ಫೋನ್ ಮಾಡಿ ಇವತ್ತು ಅಯೋವಾ, ನಾಳೆ ಕ್ಯಾನ್ಸಸ್ ಎಂದು ಶುರುಮಾಡಿದರೆ ಅಪ್ಪ ಎರಡೇ ಮಾತಿಗೆ "ಟೋಬಿಗೆ ಆ ಊರಿನ ಮೈದಾನ ಇಷ್ಟ ಆಗ್ತಿತ್ತು" ಎನ್ನುತ್ತಿದ್ದ. ಆ ಬೇಸಿಗೆ ಅವಳ ತಂಡದ ಒಂದು ಪ್ರದರ್ಶನಕ್ಕೂ ಅವನು ಹೋಗಿರಲಿಲ್ಲ. ಡ್ರಮ್ಮಿನವರ ಸಾಲಿನಲ್ಲಿ ಅವಳ ಪಕ್ಕ, ಟೋಬಿನ್ ನಿಲ್ಲುತ್ತಿದ್ದ ಜಾಗದಲ್ಲಿ, ಬೇರೆ ಹುಡುಗ ನಿಂತಿರುವುದನ್ನು ನೋಡಲಾರೆ ಎಂದು ನೆಪ ಹೇಳಿದ್ದ. ನೆಪವಲ್ಲ, ನಿಜವೇ. ಆದರೆ ಮಗಳಿಗೆ ಅದರಿಂದ ಏನು ಸಮಾಧಾನ?

ಹತ್ತೂವರೆಗೆ ಮಾರ್ನಿ ಒಳಗೆ ಬಂದಳು. ಕಪ್ಪು ಷರ್ಟು, ಬಿಗಿದು ಕಟ್ಟಿದ ಕೂದಲು. ಅಪ್ಪನ ಕಡೆ ನೋಡಲಿಲ್ಲ, ನೋಡಬಾರದೆಂಬುದು ಪದ್ಧತಿ. ಡ್ರಮ್ಮಿನ ಸ್ಟ್ಯಾಂಡನ್ನು ಒಂದು ಬೆರಳಿನಷ್ಟು ಏರಿಸಿದಳು. ವಾಂಡಾ "ನಿನ್ನ ಸಮಯ, ಶುರು ಮಾಡಮ್ಮ" ಎಂದಳು.

ಮಾರ್ನಿ ಕೋಲೆತ್ತಿದಳು. ಡ್ರಮ್ಮಿನ ಅಂಚಿನ ಮೇಲೆ ಮೆಲ್ಲಗೆ ನಾಲ್ಕು ಏಟು ತಟ್ಟಿದಳು. ಟಕ್, ಟಕ್, ಟಕ್, ಟಕ್.

ಮೊದಲನೇ ಏಟಿಗೇ ಲೋವೆಲ್‌ನ ಹೆಬ್ಬೆರಳು ಒತ್ತಿಬಿಟ್ಟಿತ್ತು. ಆಮೇಲೆ ಅವನಿಗೆ ಅರ್ಥವಾಯಿತು. ಸಾಲಿನ ನಡುವೆ ನಿಂತವರು ಉಳಿದವರಿಗೆ ತಾಳ ಕೊಡಲು ತಟ್ಟುವ ಏಟು ಅದು. ಒಂಟಿಯಾಗಿ ಬಾರಿಸುವವರು ಅದನ್ನು ತಟ್ಟುವುದಿಲ್ಲ, ತಟ್ಟಿದರೆ ಕೇಳುವವರಾರು? ಆದರೆ ಇದೇ ನಾಲ್ಕು ಏಟನ್ನು ಮಾರ್ನಿ ಅಡಿಗೆಮನೆಯ ಮೇಜಿನ ಮೇಲೆ, ಕಾರಿನ ಸೀಟಿನ ಮೇಲೆ, ಚರ್ಚಿನ ಬೆಂಚಿನ ಮೇಲೆ ಸಾವಿರ ಸಲ ತಟ್ಟಿದ್ದಳು, ಐದನೆಯದಕ್ಕೆ ಟೋಬಿನ್ ಸೇರಿಕೊಳ್ಳುತ್ತಿದ್ದ. ಲೋವೆಲ್ ಮಗಳ ಎಡಗಡೆಯ ಖಾಲಿ ಜಾಗ ನೋಡಿದ. ಮಗ ಅಲ್ಲಿಯೇ ನಿಂತು ನಾಲಿಗೆ ಕಚ್ಚಿಕೊಂಡು ಕಾಯುತ್ತಿದ್ದಂತೆ ಅನ್ನಿಸಿತು. ಅವಳು ತಮ್ಮನನ್ನು ಕರೆದಳು, ಇಷ್ಟು ಜನರ ಮುಂದೆ ಕರೆದಳು ಎಂದುಕೊಂಡ. ಕಣ್ಣು ತುಂಬಿ ಕೈಯಲ್ಲಿದ್ದ ವಾಚು ಮಂಜಾಯಿತು. ಚಪ್ಪಾಳೆ ಬಿದ್ದಾಗ ಬೆಚ್ಚಿದ, ಆದರೆ ಬೆರಳು ತಪ್ಪಲಿಲ್ಲ; ಕೊನೆಯ ಏಟಿಗೇ ಸರಿಯಾಗಿ ಒತ್ತಿತ್ತು.

ಮೂರು ನಿಮಿಷ, ಒಂದೂಕಾಲು ಸೆಕೆಂಡು.

ಕೋಣೆ ಖಾಲಿಯಾದ ಮೇಲೆ ವಾಂಡಾ ಅಂಕ ಕೂಡಿಸಿದಳು. ಅವಳ ಮುಖ ಅರಳಿತು, ಆಮೇಲೆ ವಾಚಿನ ಚೀಟಿ ನೋಡಿ ಬಾಡಿತು. ಮಾರ್ನಿಗೆ ತೊಂಬತ್ತೈದು ಪಾಯಿಂಟ್ ಮೂರು. ಅವಳಿಗಿಂತ ಮುಂಚೆ ಬಾರಿಸಿದ ಟೆಕ್ಸಸ್‌ನ ಹುಡುಗ ಆಂದ್ರೆಸ್‌ಗೆ ತೊಂಬತ್ತೈದು ಪಾಯಿಂಟ್ ಎರಡು. ಮೀರಿದ ಸಮಯಕ್ಕೆ ಎರಡು ದಶಾಂಶ ಕಳೆದರೆ ಮಾರ್ನಿ ಎರಡನೆಯವಳು.

ವಾಂಡಾ ಕನ್ನಡಕ ತೆಗೆದಳು. "ಲೋವೆಲ್, ಆ ನಾಲ್ಕು ಏಟು. ಅದಕ್ಕೇ ಎರಡು ಸೆಕೆಂಡು ಹೋಗಿದೆ. ಅದನ್ನೂ ಹಿಡಿದಿದೀಯಾ?"

"ಹೂಂ. ಮೊದಲನೇ ಏಟಿಂದ."

"ಕೈ ಸರಿಮಾಡ್ಕೊಳ್ಳೋಕೆ ತಟ್ಟಿದ್ದಾದ್ರೆ ಲೆಕ್ಕಕ್ಕಿಲ್ಲ, ಗೊತ್ತಲ್ಲ. ಡ್ರಮ್ ಬಿಗಿ ನೋಡೋಕೆ ಎಲ್ಲರೂ ತಟ್ತಾರೆ. ತಾಳ ಕೊಟ್ಟಿದ್ದಾದ್ರೆ ಮಾತ್ರ ಅಲ್ಲಿಂದ ಆಟ ಶುರು. ಜೋಡಿಗಳಿಗೆ ನಾವು ಹಂಗೇ ಹಿಡಿಯೋದು. ಇವಳು ಒಬ್ಬಳೇ ಇದ್ಲಪ್ಪ. ಒಬ್ಬಳೇ ನಿಂತವಳು ಯಾರಿಗೆ ತಾಳ ಕೊಡ್ತಾಳೆ?" ಅವಳು ಪೆನ್ನನ್ನು ಅವನ ಮುಂದೆ ಇಟ್ಟಳು. "ಫಲಿತಾಂಶ ಹಾಕೋವರೆಗೂ ಸ್ಪರ್ಧಿಗಳನ್ನ ಕೇಳೋ ಹಂಗಿಲ್ಲ. ಶುರು ಎಲ್ಲಿ ಅಂತ ನೀನೇ ಹೇಳ್ಬೇಕು. ನೀನು ಏನು ಅಂದ್ರೂ ನಾನು ರುಜು ಹಾಕ್ತೀನಿ, ಯಾರೂ ಕೇಳಲ್ಲ."

ಎಷ್ಟು ಸುಲಭದ ಬಾಗಿಲು ಅದು! ಕೈ ಸರಿಮಾಡಿಕೊಂಡಳು ಎಂದರೆ ಮುಗಿಯುತ್ತಿತ್ತು. ಆದರೆ ಲೋವೆಲ್‌ಗೆ ಬಾಯಿ ಬರಲಿಲ್ಲ. ಆ ಏಟು ಯಾರಿಗೂ ಅಲ್ಲ ಎಂದು ತನ್ನ ಕೈಯಾರೆ ಬರೆದುಕೊಟ್ಟರೆ ಟೋಬಿನ್ ಅಲ್ಲಿ ಇರಲಿಲ್ಲ ಎಂದು ಬರೆದುಕೊಟ್ಟಂತೆ. ಆಸ್ಪತ್ರೆಯಲ್ಲಿ ಒಮ್ಮೆ ಅಂಥ ಕಾಗದಕ್ಕೆ ಸಹಿ ಹಾಕಿದ್ದ. ಇನ್ನೊಮ್ಮೆ ಹಾಕಲಾರ. ಮಗಳೂ ಇದನ್ನೇ ಬಯಸುತ್ತಾಳೆ ಎಂದು ಅವನಿಗೆ ಲವಲೇಶವೂ ಅನುಮಾನವಿರಲಿಲ್ಲ.

"ತಾಳ ಕೊಟ್ಟಿದ್ದು," ಎಂದ.

"ಯೋಚನೆ ಮಾಡಿ ಹೇಳು ಮಾರಾಯ."

"ತಾಳಾನೇ ವಾಂಡಾ. ನಂಗೊತ್ತು."

ಮಧ್ಯಾಹ್ನ ಗೋಡೆಗೆ ಪಟ್ಟಿ ಅಂಟಿಸಿದರು. ಮೊದಲು ಆಂದ್ರೆಸ್, ಆಮೇಲೆ ಮಾರ್ನಿ, ಅವಳ ಅಂಕದ ಪಕ್ಕ ಕೆಂಪು ಶಾಯಿಯಲ್ಲಿ ಖೋತಾ. ಆಂದ್ರೆಸ್ ಸಂತೋಷ ಪಡಲೋ ಬೇಡವೋ ತಿಳಿಯದೆ ಮಾರ್ನಿಯನ್ನು ತಬ್ಬಿಕೊಂಡು, "ಗಡಿಯಾರ ಗೆದ್ದಿದ್ದು, ನಾನಲ್ಲ" ಎಂದ. ಅವಳು ನಕ್ಕು ಅವನ ಬೆನ್ನು ತಟ್ಟಿದಳು. ಆಮೇಲೆ ಪಾರ್ಕಿಂಗ್ ಜಾಗದಲ್ಲಿ, ತಂಡದ ಬಸ್ಸಿನ ನೆರಳಲ್ಲಿ ಅಪ್ಪನನ್ನು ಹಿಡಿದಳು.

"ಮೂರು ನಿಮಿಷ ಹೆಂಗಪ್ಪ ಮೀರ್ತು? ಇನ್ನೂರು ಸಲ ಬಾರಿಸಿದೀನಿ. ಒಂದ್ಸಲಾನೂ ಮೀರಿಲ್ಲ."

ಲೋವೆಲ್ ಅವಳ ಎರಡೂ ಕೈ ಹಿಡಿದುಕೊಂಡ. ಹೇಳುವುದಕ್ಕೆ ಅವನಿಗೆ ಒಂದು ಬಗೆಯ ಹೆಮ್ಮೆಯೇ ಇತ್ತು. "ನಾಲ್ಕು ಏಟು ಕೊಟ್ಯಲ್ಲ ಪುಟ್ಟಿ. ವಾಂಡಾ ಬಿಟ್ಬಿಡೋಣ ಅಂದ್ಲು. ನಾನು ಬಿಡಲಿಲ್ಲ. ನೀನು ಟೋಬೀನ ಕರೆದಿದ್ದು ನಂಗೆ ಕೇಳ್ತು."

ಮಾರ್ನಿ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ.

"ಟೋಬೀನ?"

"ಹೂಂ. ತಾಳ..."

"ಕೈ ನಡುಗ್ತಿತ್ತಪ್ಪ," ಎಂದಳು ಅವಳು. "ಕೋಲು ಜಾರೋ ಹಾಗಿತ್ತು. ಸರಿಮಾಡ್ಕೊಳ್ಳೋಕೆ ತಟ್ಟಿದ್ದು. ಅಷ್ಟೇ. ನಾನು ಟೋಬೀನ ನೆನೆಸ್ಕೊಂಡಿರಲಿಲ್ಲ. ಬೇಕಂತಲೇ ನೆನೆಸ್ಕೊಂಡಿರಲಿಲ್ಲ. ಆ ಮೂರು ನಿಮಿಷ ನಂದು ಮಾತ್ರ ಇರಲಿ ಅಂತ ಬೇಸಿಗೆಯೆಲ್ಲಾ ಬಡಕೊಂಡಿದೀನಿ."

ಲೋವೆಲ್‌ನ ಕೈ ಸಡಿಲವಾಯಿತು.

"ಒಂದ್ ಮಾತು ನನ್ ಪರವಾಗಿ ಆಡಿದ್ರೆ ಸಾಕಿತ್ತಲ್ಲಪ್ಪ. ಸುಳ್ಳು ಕೂಡಾ ಆಗ್ತಿರಲಿಲ್ಲ." ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಅವ್ನು ಸತ್ತಿದಾನೆ. ನಾನು ಇದೀನಿ. ಇಲ್ಲೇ ಇದೀನಲ್ಲ."

ಬಸ್ಸಿನ ಆ ಬದಿಯಿಂದ ಯಾರೋ ಅವಳನ್ನು ಕರೆದರು, ನಾಳೆಯ ಪಂದ್ಯಕ್ಕೆ ಕೊನೆಯ ತಾಲೀಮು. "ಬಂದೆ ಕಣ್ರೋ" ಎಂದು ಕೂಗಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. ಸಿಟ್ಟೆಲ್ಲ ಇಳಿದುಹೋಗಿ ಈಗ ಬರೀ ಸುಸ್ತು ಉಳಿದಿತ್ತು.

"ಹೋಗ್ಲಿ ಬಿಡು. ಈ ಬೇಸಿಗೆ ನಾನು ಬಾರಿಸಿದ್ದು ನೀನು ಕೇಳಿದ್ದು ಇದೊಂದೇ ಸಲ. ಹೇಗಿತ್ತು, ಅದನ್ನಾದ್ರೂ ಹೇಳು."

"ಚೆನ್ನಾಗಿತ್ತು," ಎಂದ ಲೋವೆಲ್. "ತುಂಬಾ ಚೆನ್ನಾಗಿತ್ತು ಕಣಮ್ಮ."

"ಯಾವ್ದು? ನಡುವೆ ಕೋಲು ತಿರುಗಿಸಿ ಹಿಡಿದಿದ್ದಾ? ಕೊನೇದಾ?"

ಲೋವೆಲ್ ನೆನಪು ಮಾಡಿಕೊಳ್ಳಲು ನೋಡಿದ. ನಾಲ್ಕನೇ ಏಟು ಕೇಳಿಸಿತು, ಆಮೇಲೆ ಚಪ್ಪಾಳೆ. ನಡುವಿನ ಮೂರು ನಿಮಿಷ ಹುಡುಕಿದ, ಮತ್ತೆ ಹುಡುಕಿದ. ಅಲ್ಲಿ ಮಾರ್ನಿಯ ಒಂದು ಏಟೂ ಇರಲಿಲ್ಲ.

ಅವಳು ಬಿಸಿಲಲ್ಲಿ ನಿಂತು ಇನ್ನೂ ಸ್ವಲ್ಪ ಹೊತ್ತು ಕಾದಳು.