ಬಾಗಿಲಲ್ಲೇ ನಿಲ್ಲುವ ಜಹೀರುದ್ದೀನ್ ಮಾಸ್ತರರು

ಜಹೀರುದ್ದೀನ್ ಮಾಸ್ತರರು ತಾವೇ ಏರ್ಪಡಿಸಿದ ಸಭೆಯಲ್ಲಿ ಕುಳಿತದ್ದನ್ನು ಕಂಡವರು ಕಲಬುರಗಿಯಲ್ಲಿ ಯಾರೂ ಇಲ್ಲ. ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಪಾಠ ಹೇಳಿಕೊಂಡಿದ್ದ ಈ ಮನುಷ್ಯನಿಗೆ, ಊರಿನ ಜನರಿಗಾಗಿ ನಡೆಯುವ ಕಲೆ ಸಾಹಿತ್ಯಗಳ ಕಾರ್ಯಕ್ರಮಗಳ ಹೊಣೆಯನ್ನು ಯಾವ ಗಳಿಗೆಯಲ್ಲಿ ವಹಿಸಿದರೋ, ಅಂದಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡಂತಾಯಿತು. ಹೊರಟ ಬಸ್ಸನ್ನು ಹಿಡಿಯುವವರ ಧಾವಂತದ ನಡಿಗೆ, ನೆತ್ತಿ ಸುಡುವ ವೈಶಾಖದಲ್ಲೂ ಬಿಚ್ಚದ ಬೂದುಬಣ್ಣದ ಕೋಟು, ಮಾತಿಗೊಮ್ಮೆ ‘ಆತಲ್ಲ? ಆತಲ್ಲ?’ ಎಂಬ ಪಲ್ಲವಿ. ಮೈಕು, ಹಾರ, ಕುರ್ಚಿ ಸಮಸ್ತವೂ ಸಿದ್ಧವಿದ್ದರೂ ಬಾಗಿಲಿಗೂ ವೇದಿಕೆಗೂ ನಡುವೆ ಹೆಂಚಿನ ಮೇಲಿನ ಜೋಳದಂತೆ ಸಿಡಿಯುತ್ತಿರುತ್ತಿದ್ದರು.

‘ನಿಕಾಹ್ ದಿನಾನೂ ಶಾಮಿಯಾನದ ಹಗ್ಗ ನೋಡಾಕ ಎದ್ದು ಹೋಗಿದ್ರು,’ ಎಂದು ಅವರ ಹೆಂಡತಿ ಇಕ್ಬಾಲ್ ಬೇಗಂ ಇಂದಿಗೂ ನಗುತ್ತಾರೆ.

ನಮ್ಮ ಸಭೆಗಳ ಶಾಸ್ತ್ರ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲು ಸ್ವಾಗತ, ದೀಪ, ಶಾಲು, ಆಮೇಲೆ ಭಾಷಣದ ಮೇಲೆ ಭಾಷಣ. ಹಾಡುವವರ ಪಾಲಿಗೆ ಉಳಿಯುವುದು ಊಟದ ಹೊತ್ತು. ಹೋದ ವರ್ಷ ಕಮಲಾಪುರದ ಶಿವಕಾಂತಮ್ಮ, ಬೀಸುವ ಕಲ್ಲಿನ ಪದಗಳ ಕಣಜವೇ ಆದ ಹಿರಿಯ ಜೀವ, ಶಾಲು ಹೊದ್ದು ವೇದಿಕೆಯ ತುದಿಯಲ್ಲಿ ಕಾದೂ ಕಾದು ಕೊನೆಗೆ ಬಾಯಿ ತೆರೆದಾಗ, ರಸಿಕ ಮಹಾಶಯರೆಲ್ಲ ಪಲಾವಿನ ವಾಸನೆ ಹಿಡಿದು ಎದ್ದಿದ್ದರು. ಎರಡು ನುಡಿ ಹಾಡಿ ಆಕೆ ಸುಮ್ಮನಾದರು. ಅತಿಥಿಗಳನ್ನು ಕಾರಿನವರೆಗೆ ಕಳಿಸಲು ಓಡಿದ್ದ ಮಾಸ್ತರರಿಗೆ ಇದು ತಿಳಿದದ್ದು ಆಕೆ ಊರಿಗೆ ಹೊರಟುಹೋದ ಮೇಲೆ. ಅಂದಿನಿಂದ ಅನ್ನ ಸೇರಲಿಲ್ಲವೆಂದರೆ ಅತಿಶಯೋಕ್ತಿಯಾದೀತು, ನಾಚಿಕೆಯಂತೂ ಬಿಡಲಿಲ್ಲ.

ಈ ವರ್ಷದ ಕಾರ್ಯಕ್ರಮ ಗೊತ್ತಾದೊಡನೆ ಅವರು ಕಮಲಾಪುರದ ಸಂತೆಗೇ ಹೋದರು. ಕೆಂಪು ಬಾಳೆಹಣ್ಣು ಮಾರುತ್ತಿದ್ದ ಶಿವಕಾಂತಮ್ಮ ತಲೆಯೆತ್ತಿಯೂ ನೋಡಲಿಲ್ಲ.

‘ಖಾಲಿ ಕುರ್ಚಿಗೋಳ ಮುಂದ ಹಾಡಿಸಿದ್ರಿ. ಇನ್ನ ಬರಂಗಿಲ್ಲರೀ ಮಾಸ್ತರ.’

‘ಈ ಸಲ ಮೊದಲ ಪದ, ಆಮ್ಯಾಲ ದೀಪ. ಜಬಾನ್ ಕೊಡ್ತೇನಿ, ಅಕ್ಕಾ, ಮಾತಂದ್ರ ಮಾತು.’

‘ದೊಡ್ಡವರ ಕಾರ್ ಬಂದ್ರ ನೀವೇ ಎದ್ದು ಓಡ್ತೀರಿ. ನನ್ನ ಪದ ನಟ್ಟನಡುವ ನಿಲ್ತದ.’

‘ನಿಲ್ಲಾಕ ಬಿಡಂಗಿಲ್ಲ.’

ಅರೆಮನಸ್ಸಿನಿಂದಲೇ ಆಕೆ ಬಂದರು. ಹೇಳಿದ ಹೊತ್ತು ಮೀರಿದರೂ ಅತಿಥಿಗಳು ಇನ್ನೂ ಬಂದಿರಲಿಲ್ಲ. ಕಪನೂರಿನ ಕಾರ್ಖಾನೆಗಳಿಂದ, ಜೇವರ್ಗಿ ಕಾಲೋನಿಯ ಮನೆಗಳಿಂದ ಬಂದ ಜನ ಸಭಾಂಗಣದಲ್ಲಿ ಬೀಸಣಿಕೆಯಾಡಿಸುತ್ತ ಕುಳಿತಿದ್ದರು.

‘ಸಾಹೇಬ್ರು ಬರೂದಕ್ಕಿಂತ ಮೊದಲ ಹ್ಯಾಂಗ ಚಾಲೂ ಮಾಡ್ತೀರಿ ಸರ್? ನೌಕರಿ ಬ್ಯಾಡೇನು?’ ಎಂದು ಸಹೋದ್ಯೋಗಿ ಅರುಣಕುಮಾರ ಅಂಗಲಾಚಿದ. ಮಾಸ್ತರರು ಶಿವಕಾಂತಮ್ಮನ ಕಡೆಗೆ ಕೈಮುಗಿದರು.

ಪದ ಶುರುವಾಯಿತು. ತವರಿನ ದಾರಿಯ ಗಿಡಮರಗಳನ್ನೆಲ್ಲ ಹೆಸರು ಹಿಡಿದು ಕರೆಯುವ ಆ ಉದ್ದನೆಯ ಪದ ಮೂರನೆಯ ನುಡಿಗೆ ಬರುವಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಅಭ್ಯಾಸಬಲ! ಅರ್ಧ ಸಭೆ ಎದ್ದು ನಿಂತಿತು. ಶಿವಕಾಂತಮ್ಮನ ದನಿ ತಡವರಿಸಿತು. ಮಾಸ್ತರರು ಓಡಿದರು. ಆಕೆ ಅಂದಂತೆಯೇ ಓಡಿದರು. ಆದರೆ ಬಾಗಿಲಲ್ಲಿ ಎರಡೂ ಕೈ ಅಗಲಿಸಿ ನಿಂತುಬಿಟ್ಟರು.

‘ಪದ ನಡದದ ಸರ್. ಮುಗಿಯೂತನಕ ಇಲ್ಲೇ ನಿಂದರ್ರಿ.’

ಅತಿಥಿಗಳ ಮುಖ ಕೆಂಪೇರಿತು. ಎದ್ದವರು ಒಬ್ಬೊಬ್ಬರಾಗಿ ಕುಳಿತರು. ಬಾಗಿಲಿನತ್ತ ಒಮ್ಮೆ ನೋಡಿದ ಶಿವಕಾಂತಮ್ಮ ಮುರಿದ ಸಾಲನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು.

ಮರು ತಿಂಗಳು ಕಾರ್ಯಕ್ರಮಗಳ ಹೊಣೆ ಅರುಣಕುಮಾರನಿಗೆ ಹೋಯಿತು. ಅತಿಥಿಸತ್ಕಾರ ತಿಳಿಯದವರೆಂದು ಮಾಸ್ತರರ ಮೇಲೆ ಮಾತು ಬಂದಿತ್ತು. ಇಂಥವರಿಂದ ಸಂಸ್ಥೆಗಳು ನಡೆಯುವುದಿಲ್ಲವೆನ್ನುವುದು ನಿಜವೇ ಇರಬೇಕು. ಯಾರನ್ನು ಎಲ್ಲಿ ಕೂರಿಸಬೇಕು, ಯಾರಿಗೆ ಎಷ್ಟು ಬಾಗಬೇಕು ಎಂದು ಬಲ್ಲವರಿಂದಲೇ ಅವು ನಡೆಯುತ್ತವೆ. ಆದರೆ ನಮ್ಮೂರಿನಲ್ಲಿ ಒಂದು ಪದ ಕಡೆಯ ನುಡಿಯವರೆಗೂ ಕೇಳಿಸಿದ್ದರೆ, ಅದು ಮುಗಿಯುವತನಕ ಬೈಗುಳ ತಿನ್ನುತ್ತ ಬಾಗಿಲು ಕಾದವರೊಬ್ಬರು ಇದ್ದೇ ಇರುತ್ತಾರೆ. ಒಳಗೆ ಕೂತು ಕೇಳುವ ಸುಖ ಮಾತ್ರ ಅವರ ಹಣೆಯಲ್ಲಿ ಬರೆದಿರುವುದಿಲ್ಲ.