ಒಂಬತ್ತನೆಯ ಅಳತೆ

ತ್ರಿಶಲಾ ಪ್ರಯೋಗಾಲಯಕ್ಕೆ ರಜೆ ಹಾಕಿ ಅಜ್ಜಿಯ ಊರಾದ ಕಾಗವಾಡಕ್ಕೆ ಬಂದಿದ್ದಳು. ಕೆಲಸ ಮಾತ್ರ ಬೆನ್ನು ಬಿಟ್ಟಿರಲಿಲ್ಲ. ಒಂದು ಮಾದರಿಯಲ್ಲಿ ಯುರೇನಿಯಂನ ಎರಡು ಐಸೊಟೋಪುಗಳು ಯಾವ ಪ್ರಮಾಣದಲ್ಲಿವೆ ಎಂದು ಅವಳು ಒಂಬತ್ತು ಸಲ ಅಳೆದಿದ್ದಳು. ಎಂಟು ಅಳತೆ ಒಂದಕ್ಕೊಂದು ಹೊಂದಿದ್ದವು. ಒಂಬತ್ತನೆಯದು ದೂರ ನಿಂತಿತ್ತು. ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಅದನ್ನೂ ಸೇರಿಸಿದರೆ ತಪ್ಪಿನ ಅಂದಾಜು ಹಿಗ್ಗುತ್ತದೆ. ಅವಳು ಅಳೆದದ್ದು ಬೇರೆ ಪ್ರಯೋಗಾಲಯಗಳು ತಮ್ಮ ಯಂತ್ರ ಸರಿನೋಡಲು ಇಟ್ಟುಕೊಳ್ಳಬೇಕಾದ ಮಾದರಿಯನ್ನು. ಅಂದಾಜು ಹಿಗ್ಗಿದರೆ ಮಾದರಿ ತಿರಸ್ಕೃತವಾಗಿ ಮೂರು ವರ್ಷದ ದುಡಿಮೆ ವ್ಯರ್ಥವಾಗಬಹುದು. ಸಂಜೆಯೊಳಗೆ ವರದಿ ಹೋಗಬೇಕಿತ್ತು.

“ತಗದ್ ಒಗಿ ಅದನ್ನ. ಯಾರ್ ಕೇಳ್ತಾರ?” ಎಂದು ಈ ಕೆಲಸದಲ್ಲಿ ಜೊತೆಗಾರನಾದ ಅಭಿನಂದನ ಫೋನಿನಲ್ಲಿ ಹೇಳಿದ್ದ.

ಅಂದು ಜೈನರ ದಶಲಕ್ಷಣ ಪರ್ವ ಮುಗಿದ ಮೇಲಿನ ಕ್ಷಮಾವಣಿ, ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಅಜ್ಜಿ ಚಂದ್ರಮತಿ ಪಕ್ಕದ ಮನೆಯ ಪದ್ಮವ್ವನೆದುರು ಕೈಮುಗಿದು, “ತಪ್ಪಾಗಿದ್ರ ಕ್ಷಮಾ ಮಾಡವಾ” ಎಂದಳು.

ಪದ್ಮವ್ವ ನಕ್ಕಳು. “ಪ್ರತಿ ವರ್ಷಾ ಕೇಳ್ತೀರಿ. ಏನ್ ತಪ್ಪ್ ಮಾಡೀರಿ, ಅದನ್ನರ ಹೇಳ್ರಿ!”

“ಗೊತ್ತಿದ್ದದ್ದನ್ನ ಮಾಡಿದವತ್ತ ಕೇಳಿ ಮುಗಿಸೀನಿ ಬೇ. ಇದು ಗೊತ್ತಿಲ್ಲದ್ದಕ್ಕ.”

ಕಟ್ಟೆಯ ಮೇಲೆ ಕುಳಿತು ಇದನ್ನು ಕೇಳಿದ ತ್ರಿಶಲಾ ಲ್ಯಾಪ್‌ಟಾಪ್ ತೆರೆದಳು. ಒಂಬತ್ತನೆಯ ಅಳತೆಯನ್ನು ವರದಿಗೆ ಸೇರಿಸಿ, ಕೆಳಗೆ ‘ಇದು ಹೊಂದಲಿಲ್ಲ, ಕಾರಣ ತಿಳಿದಿಲ್ಲ’ ಎಂದು ಬರೆದು ಕಳಿಸಿದಳು. ಅಭಿನಂದನನಿಗೆ ಫೋನು ಹಚ್ಚಿದಳು.

“ಒಂಬತ್ತೂ ಕಳಿಸೀನಿ. ನಿನ್ನ ದುಡಿಮೀನೂ ಅದರಾಗ ಐತಿ. ಕ್ಷಮಾ ಮಾಡು.”

ಅವನು ನಿಟ್ಟುಸಿರು ಬಿಟ್ಟ. “ಇದನ್ನ ಗೊತ್ತಿದ್ದ ಮಾಡೀಯಲ್ಲ, ತ್ರಿಶಲಾ?”

“ಹೌದು. ಅದಕ್ಕ ಇವತ್ತ ಕೇಳಾಕತ್ತೀನಿ.”

“ಕ್ಷಮಾ ಮಾಡೀನಿ,” ಎಂದ ಅವನು. “ಸೋಮವಾರ ಬಾ. ಮತ್ತ ಅಳತಿ ಮಾಡೂಣು.”