ಅಡ್ಮಿನ್ ಸುಮ್ಮನಿದ್ದರೆ

ಗಜೇಂದ್ರಗಡದ ವಿಜಯೇಂದ್ರನಿಗೆ ನೌಕರಿ ಇರಲಿಲ್ಲ. ಆದರೆ ರೋಣ, ನರಗುಂದ, ನರೇಗಲ್ ಕಡೆಯ ಹುಡುಗ ಹುಡುಗಿಯರಿಗೆ ನೌಕರಿ ಎಂದರೆ ಮೊದಲು ನೆನಪಾಗುತ್ತಿದ್ದವನು ಅವನೇ. ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಮನೆಯಲ್ಲಿ ಕುಳಿತ ಕಾಲದಲ್ಲಿ, ಹೊತ್ತು ಹೋಗದೆ, ತನ್ನಂಥವರೇ ನಾಲ್ಕಾರು ಜನರನ್ನು ಸೇರಿಸಿ ವಾಟ್ಸಾಪಿನಲ್ಲಿ ‘ನೌಕರಿ ಬಳಗ’ ಎಂಬ ಗ್ರೂಪ್ ಮಾಡಿದ್ದ. ಅದೀಗ ಅಸೂಟಿಯಿಂದ ಮೆಣಸಗಿಯವರೆಗೆ ಹಬ್ಬಿತ್ತು. ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಅವನು ಪತ್ರಿಕೆ, ಫೇಸ್‌ಬುಕ್, ಲಿಂಕ್ಡ್‌ಇನ್ ಎಲ್ಲ ಜಾಲಾಡುತ್ತಿದ್ದ. ಜಾಹೀರಾತಿನಲ್ಲಿದ್ದ ನಂಬರಿಗೆ ಫೋನು ಹಚ್ಚಿ ವಿಚಾರಿಸಿ, ಖರೆ ಇದ್ದದ್ದನ್ನು ಮಾತ್ರ ಗ್ರೂಪಿಗೆ ಹಾಕುತ್ತಿದ್ದ.

ಗ್ರೂಪಿನಲ್ಲೊಂದು ರೂಢಿ ಬೆಳೆದಿತ್ತು. ಯಾರಾದರೂ ಒಂದು ಜಾಹೀರಾತು ಕಳಿಸಿ ‘ಇದು ಖರೇನಾ?’ ಎಂದು ಕೇಳಿದರೆ, ಖರೆ ಇದ್ದಲ್ಲಿ ಅಡ್ಮಿನ್ ಹೆಬ್ಬೆರಳು ತೋರಿಸುತ್ತಿದ್ದ. ಮೋಸದ್ದಾದರೆ ಏನೂ ಹೇಳುತ್ತಿರಲಿಲ್ಲ. ಒಮ್ಮೆ ಹೀಗೇ ಒಬ್ಬಳು ಸುಳ್ಳು ಜಾಹೀರಾತು ಕಳಿಸಿದಾಗ ಮಂದಿ ಆಡಿಕೊಂಡು ನಕ್ಕಿದ್ದರಿಂದ ಅವಳು ಗ್ರೂಪ್ ಬಿಟ್ಟೇ ಹೋಗಿದ್ದಳು. ಕಳಿಸಿದವರ ಮಾನ ಎಲ್ಲರೆದುರು ಯಾಕೆ ಕಳೆಯಬೇಕು ಎಂದು ವಿಜಯೇಂದ್ರ ಅಂದಿನಿಂದ ಹಾಕಿಕೊಂಡ ಪದ್ಧತಿ ಅದು. ಅಡ್ಮಿನ್ ಸುಮ್ಮನಿದ್ದರೆ ಅದು ಮೋಸದ್ದು, ಹೋಗಬಾರದು. ಯಾರೂ ಬರೆದಿಡದಿದ್ದರೂ ಎಲ್ಲರಿಗೂ ಇದು ಗೊತ್ತಿತ್ತು.

ಕೆಲಸ ಸಿಕ್ಕವರು ಪೇಡೆಯ ಡಬ್ಬಿ ಹಿಡಿದು ಅವನ ಮನೆಗೆ ಬರುತ್ತಿದ್ದರು. ಅವನ ತಾಯಿ ಭೀಮಾಬಾಯಿ ಒಂದನ್ನು ದೇವರ ಮುಂದಿಟ್ಟು ಉಳಿದದ್ದನ್ನು ಓಣಿಗೆ ಹಂಚುತ್ತಿದ್ದಳು. “ನಿಮ್ಮ ಮನ್ಯಾಗ ಪೇಡೆ ತಪ್ಪೂದ ಇಲ್ಲ ಬಿಡ್ರಿ ಭೀಮಾಬಾಯಾರ, ಮಗನ ಪೇಡೆ ಯಾವಾಗ?” ಎಂದು ಎದುರು ಮನೆಯ ಹುಚ್ಚವ್ವ ನಗುತ್ತಾ ಕೇಳುತ್ತಿದ್ದಳು. ಭೀಮಾಬಾಯಿ ಮೊದಮೊದಲು ಅದನ್ನು ಮಗನ ಮುಂದೆ ಹೇಳುತ್ತಿದ್ದಳು. ಆಮೇಲೆ ಬಿಟ್ಟಳು. ಮನೆಯಲ್ಲಿ ನೌಕರಿಯ ಮಾತೇ ನಿಂತುಹೋಯಿತು. ತಟ್ಟೆಗೆ ರೊಟ್ಟಿ ಬೀಳುವಾಗ ಆ ಮಾತಿನ ಜಾಗ ಖಾಲಿ ಇರುವುದು ಅವನಿಗೆ ಕೇಳಿಸುತ್ತಿತ್ತು.

ಅವನು ಸಂದರ್ಶನಗಳಿಗೆ ಹೋಗದೆ ಇರಲಿಲ್ಲ. ಹೋದಲ್ಲೆಲ್ಲ ಬಳಗದವರೂ ಇರುತ್ತಿದ್ದರು. ಅವನೇ ಹೇಳಿಕೊಟ್ಟ ಉತ್ತರವನ್ನು ಅವನಿಗಿಂತ ಚಿಕ್ಕವರು ಅವನಿಗಿಂತ ಚೆನ್ನಾಗಿ ಹೇಳಿ ಕೆಲಸ ಹಿಡಿಯುತ್ತಿದ್ದರು. ಹೊರಗೆ ಬಂದು ಕಾಲು ಮುಟ್ಟಲು ಬಗ್ಗುತ್ತಿದ್ದರು.

ಹೀಗಿರುವಾಗ ನರಗುಂದದ ಸೇವಾ ಸಂಸ್ಥೆಯೊಂದರ ಜಾಹೀರಾತು ಕಣ್ಣಿಗೆ ಬಿತ್ತು. ಮಲಪ್ರಭೆಯ ದಂಡೆಯಲ್ಲಿ ಹೊಳೆ ಬಂದು ಹಾಳಾದ ಊರುಗಳಲ್ಲಿ ಮಂದಿಯನ್ನು ಕೂಡಿಸಿ ಸಂಘ ಕಟ್ಟುವ ಕೆಲಸ. ಒಂದೇ ಹುದ್ದೆ, ನೇರ ಸಂದರ್ಶನ, ವಯಸ್ಸು ಮೂವತ್ತೈದರ ಒಳಗೆ. ಬರುವ ತಿಂಗಳು ಅವನಿಗೆ ಮೂವತ್ತೈದು ತುಂಬುತ್ತಿತ್ತು. ಫೋನು ಮಾಡಿ ಕೇಳಿದ, ಖರೆ ಇತ್ತು. ಗ್ರೂಪ್ ತೆರೆದು ಚಿತ್ರ ಅಂಟಿಸಿ, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವನು ಹಾಗೇ ಅಳಿಸಿಬಿಟ್ಟ. ಇದೊಂದು ಸಲ, ಎಂದುಕೊಂಡ.

ಜಾಹೀರಾತು ಬೇರೆ ದಾರಿಯಿಂದ ಗ್ರೂಪಿಗೆ ಬಂದೇ ಬಂತು. ಮೆಣಸಗಿಯ ಸಣ್ಣಪ್ಪ ಹಾಕಿ ಕೇಳಿದ. ವಿಜಯೇಂದ್ರ ನೋಡಿದ, ಸುಮ್ಮನಿದ್ದ. ಸಂದರ್ಶನದ ಹಿಂದಿನ ಸಂಜೆ ನರೇಗಲ್ಲಿನ ನಿಲೋಫರ ಅವನಿಗೊಬ್ಬನಿಗೇ ಬರೆದಳು. ಅವಳೂ ಎಂ.ಎಸ್.ಡಬ್ಲ್ಯೂ. ಓದಿದವಳು. ಅವನಿಗೆ ಜಾಹೀರಾತು ಹುಡುಕಿಕೊಡುತ್ತಿದ್ದವಳು. ‘ಅಣ್ಣಾರ, ಸಣ್ಣಪ್ಪ ಹಾಕಿದ ನರಗುಂದದ್ದು ಖರೇನ್ರಿ? ಖರೆ ಇದ್ದರ ನಾಳೆ ಹೋಗಾಕಿ. ಅಮ್ಮೀ ಕಣ್ಣು ಪೂರಾ ಮಂದ ಆಗ್ಯಾವ, ಇನ್ನ ಭಾಳ ದಿವಸ ಹೊಲ್ಯಾಕ ಆಗಂಗಿಲ್ಲ.’

ಅವನು ಅದನ್ನು ಮತ್ತೆ ಮತ್ತೆ ಓದಿದ. ಓದಿದ್ದು ಆ ಕಡೆ ನೀಲಿ ಗುರುತಾಗಿ ಕಾಣುತ್ತದೆಂದು ಗೊತ್ತಿತ್ತು. ಸುಳ್ಳು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಫೋನು ಮುಚ್ಚಿಟ್ಟು ಅಂಗಿಗೆ ಇಸ್ತ್ರಿ ಮಾಡಿದ.

ಬೆಳಿಗ್ಗೆ ನರಗುಂದದಲ್ಲಿ ಸಂಸ್ಥೆಯ ಪಡಸಾಲೆಯಲ್ಲಿ ಕುರ್ಚಿಗಳು ಸಾಲಾಗಿದ್ದವು. ಅವನನ್ನು ಬಿಟ್ಟರೆ ಗದಗಿನ ಕಡೆಯ ಇಬ್ಬರು ಕುಳಿತಿದ್ದರು, ಅಷ್ಟೇ. ಮಧ್ಯಾಹ್ನದ ಹೊತ್ತಿಗೂ ಅಷ್ಟೇ ಇದ್ದರು. ಖಾಲಿ ಕುರ್ಚಿಗಳನ್ನು ನೋಡಿ ಅವನಿಗೆ ಮೊದಲು ಸಮಾಧಾನವಾಯಿತು. ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟ.

ಸಂದರ್ಶನ ಮಾಡಬೇಕಿದ್ದ ಅನಿತಾ ಮೇಡಂ ಹೊರಗೆ ಬಂದರು.

“ನೋಡ್ರಿ, ಕಡಿಮಿ ಅಂದ್ರ ಐದ್ ಮಂದಿ ಇಲ್ಲಾಂದ್ರ ನಮಗ ಆಯ್ಕೆ ಮಾಡಾಕ ಬರಂಗಿಲ್ಲ. ನಾಲ್ಕರ ತನಕ ಕಾಯ್ತೀನಿ. ಆಗಲಿಲ್ಲಂದ್ರ ಈ ಪೋಸ್ಟ್ ಬಾಗಲಕೋಟಿ ಆಫೀಸಿಗೆ ಹೋಗ್ತೈತಿ.” ಬಳಿಕ ಅವನತ್ತ ತಿರುಗಿದರು. “ಏನೋ ಗ್ರೂಪ್ ನಡಸ್ತೀನಿ ಅಂತ ಅರ್ಜಿಯಾಗ ಬರದೀರಲ್ರಿ? ಅದರಾಗ ಯಾರೂ ಇಲ್ಲೇನು?”

“ಅದಾರ್ರಿ,” ಎಂದ.

“ಮತ್ತ ಕರೀರಿ ಲಗೂ.”

ವಿಜಯೇಂದ್ರ ಅಂಗಳಕ್ಕಿಳಿದು ಬೇವಿನ ನೆರಳಿಗೆ ನಿಂತ. ಕರೆದರೆ ಕೆಲಸ ಅವರಲ್ಲೊಬ್ಬರಿಗೆ ಹೋಗುತ್ತದೆ. ಕರೆಯದಿದ್ದರೆ ಯಾರಿಗೂ ಇಲ್ಲ. ಕರೆದರೆ ತಾನು ಮಾಡಿದ್ದು ಎಲ್ಲರಿಗೂ ತಿಳಿಯುತ್ತದೆ. ಆದರೆ ಬರುವ ತಿಂಗಳ ಆಚೆ ಅವನಿಗೆ ಬಾಗಿಲೇ ಇರಲಿಲ್ಲ. ಬರೆದ: ‘ನರಗುಂದದ ಸಂದರ್ಶನ ಖರೆ ಐತಿ. ಕಡಿಮಿ ಅಂದ್ರ ಐದ್ ಮಂದಿ ಬೇಕಂತ, ನಾಲ್ಕರ ಒಳಗ ಬರ್ರಿ.’

ದಿನಾ ಇಂಥ ಸುದ್ದಿಗೆ ಸಾಲುಸಾಲು ಕೈ ಮುಗಿದ ಚಿತ್ರಗಳು ಬರುತ್ತಿದ್ದವು. ಇಂದು ಏನೂ ಬರಲಿಲ್ಲ. ತುಸು ಹೊತ್ತಿನ ಮೇಲೆ ಸಣ್ಣಪ್ಪನೊಬ್ಬನೇ ಬರೆದ: ‘ಅಣ್ಣಾ, ಇದನ್ನ ನಾ ಮೊನ್ನೆನ ಕೇಳಿದ್ದೆ. ನೀವು ಸುಮ್ಮನಿದ್ರಿ. ಈಗ ಬೈಲಹೊಂಗಲದಾಗ ಅದೀನಿ, ಹ್ಯಾಂಗ ಬರ್ಲಿ?’

ಫೋನು ಬಂತು. ನಿಲೋಫರಳದು. ಹಿಂದೆ ಹೊಲಿಗೆ ಯಂತ್ರದ ಸದ್ದು.

“ಅಣ್ಣಾರ, ನಾ ನಿನ್ನೆ ಕೇಳಿದ್ದ ಅಲ್ರಿ ಇದು?”

“ಹೂಂ.”

“ನೀವು ಮಾತಾಡಲಿಲ್ಲಂತ ನಾನೂ ಬಿಟ್ಟೆ. ನಮ್ಮ ಬಳಗದ ಖಾಜಾಬಿ ಕೇಳಿದ್ಲು, ಆಕಿಗೂ ಬ್ಯಾಡ ಅಂದೆ. ಇರ್ಲಿ ಬಿಡ್ರಿ, ನಿಮಗೂ ಈಗ ಗೊತ್ತಾಗಿರಬೇಕು. ಎಲ್ಲದೀರಿ?”

“ನರಗುಂದದಾಗ.”

“ಯಾರನ್ನರ ಕರ್ಕೊಂಡ್ ಬಂದೀರೇನ್ರಿ?”

ಅವಳು ಅವನಿಗಾಗಿ ಒಂದು ದಾರಿ ತೆರೆದಿಟ್ಟಂತಿತ್ತು. ಹೂಂ ಎಂದಿದ್ದರೆ ಸಾಕಿತ್ತು.

“ಇಲ್ಲ. ನನಗಂತನ ಬಂದೀನಿ,” ಎಂದ. “ಮುಂಜಾನೆನ ಬಂದೀನಿ.”

ಆ ಕಡೆ ಹೊಲಿಗೆ ಯಂತ್ರ ನಿಂತಿತು. ಅವನು ಬೈಗುಳಕ್ಕಾಗಿ ಕಾದ. ಫೋನು ಕಟ್ಟಾಯಿತು.

ನಾಲ್ಕು ಹೊಡೆಯಲು ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ ಅಂಗಳಕ್ಕೆ ಒಂದು ಬೈಕು ಬಂದು ನಿಂತಿತು. ಅಸೂಟಿಯ ಸಲಾವುದ್ದೀನ, ನಿಲೋಫರಳ ಕಾಕಾನ ಮಗ. ಅವನೂ ಬಳಗದವನೇ. ಹಿಂದೆ ನಿಲೋಫರ, ಮೈತುಂಬ ಧೂಳು, ಎದೆಗೊತ್ತಿದ ಫೈಲು. ಅವಳು ವಿಜಯೇಂದ್ರನನ್ನು ದಾಟಿ ಒಳಗೆ ಹೋದಳು. ಸಲಾವುದ್ದೀನ ಮಾತ್ರ ಅವನ ಮುಂದೆ ನಿಂತ.

“ಏನಣ್ಣಾ, ಒಬ್ಬಾವ್ನ ಊಟಕ್ಕ ಕುಂತಿದ್ದಿ ಅಂತ? ಪಂಕ್ತಿ ತುಂಬಲಿಲ್ಲ, ಅದಕ್ಕ ನಮ್ಮನ್ನ ಕರದಿ?”

ವಿಜಯೇಂದ್ರ ಒಳಗಿನ ದಾರಿ ಬಿಟ್ಟು ಸರಿದ, ಸಲಾವುದ್ದೀನ ಕದಲಲಿಲ್ಲ.

“ಹೇಳಿದ್ರ ನಾವೇನ್ ಬರ್ತಿದ್ದಿಲ್ಲ. ಅಣ್ಣಗ ಆಗ್ಲಿ ಅಂತ ಮನ್ಯಾಗ ಕುಂದರ್ತಿದ್ವಿ. ಒಂದ್ ಮಾತ್ ಹೇಳಾಕ ಏನಾಗಿತ್ತು?”

ಅದು ಖರೆಯೋ ಸಿಟ್ಟಿನ ಮಾತೋ, ತಿಳಿಯಲಿಲ್ಲ. ಖರೆ ಇರಬಹುದೆಂಬುದೇ ಅವನನ್ನು ಹೆಚ್ಚು ಸುಟ್ಟಿತು.

ಸಲಾವುದ್ದೀನನೂ ಹೆಸರು ಬರೆಸಿದಾಗ ಐದು ಮಂದಿಯಾಯಿತು. ಮೊದಲು ಅವನನ್ನೇ ಕರೆದರು. ಎಲ್ಲ ಪ್ರಶ್ನೆಗೂ ಉತ್ತರ ಬರುತ್ತಿತ್ತು, ಎಷ್ಟೋ ಜನರಿಗೆ ಹೇಳಿಕೊಟ್ಟ ಉತ್ತರಗಳು. ಕೊನೆಗೆ ಅನಿತಾ ಮೇಡಂ ಪೆನ್ನು ಕೆಳಗಿಟ್ಟರು.

“ನೀವು ಮೆಸೇಜ್ ಹಾಕಿದ ಮ್ಯಾಲೆ ನರೇಗಲ್‌ದಿಂದ ಓಡಿ ಬಂದ್ರು. ಮದಲ ಹಾಕಿದ್ರ ಪಡಸಾಲಿ ತುಂಬ್ತಿತ್ತು. ಯಾಕ ಹಾಕಲಿಲ್ರಿ?”

ಮರೆತೆ ಎನ್ನಬಹುದಿತ್ತು. ಈಗಷ್ಟೇ ಗೊತ್ತಾಯಿತು ಎನ್ನಬಹುದಿತ್ತು. ಎರಡೂ ನಾಲಿಗೆಯವರೆಗೆ ಬಂದವು. ಅವನು ಸುಮ್ಮನಿದ್ದ. ಮೇಡಂ, “ಮಂದಿನ್ನ ಕೂಡಸೂ ಕೆಲಸ ಇದು, ವಿಜಯೇಂದ್ರ,” ಎಂದು ಮೆಲ್ಲಗೆ ಹೇಳಿ ಅವನ ಕಾಗದಗಳನ್ನು ತಿರುಗಿ ಅವನತ್ತ ಸರಿಸಿದರು.

ಹೊರಗೆ ಬಂದವನು ಬಸ್ಸಿಗೆ ಹೋಗಬೇಕಿತ್ತು. ಹೋಗಲಾಗಲಿಲ್ಲ. ಎಲ್ಲರದೂ ಮುಗಿದು ನಿಲೋಫರ ಹೊರಬರುವವರೆಗೆ ಬೇವಿನ ಬುಡದಲ್ಲಿ ನಿಂತ.

“ಏನಂದ್ರು?”

“ಸೋಮಾರ ಕೆಲಸಕ್ಕ ಬಾ ಅಂದ್ರು.”

ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

“ಸರ್,” ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಹಾಗೆ ಕರೆದದ್ದು ಅದೇ ಮೊದಲು. “ಗ್ರೂಪ್ ಮುಚ್ಚಬ್ಯಾಡ್ರಿ. ಮಂದಿಗೆ ಅದು ಬೇಕು. ನನಗ ಕೊಡ್ರಿ.”

“ನಿನ್ನೂ ಅಡ್ಮಿನ್ ಮಾಡ್ತೀನಿ. ಇಬ್ರೂ ಕೂಡಿ...”

“ಇಬ್ರೂ ಬ್ಯಾಡ್ರಿ.”

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ವಾದಿಸಬಹುದಿತ್ತು. ಅವನು ಫೋನು ತೆಗೆದು ಅವಳ ಹೆಸರು ಒತ್ತಿದ. ಆಮೇಲೆ ತನ್ನ ಅಧಿಕಾರ ಬಿಟ್ಟುಕೊಟ್ಟ. ಅವಳು ನೋಡಿ ಖಾತ್ರಿ ಮಾಡಿಕೊಂಡು ಬೈಕಿನ ಹಿಂದೆ ಕುಳಿತಳು. ಹೋಗುವಾಗ ಯಾರೂ ಕೈ ಎತ್ತಲಿಲ್ಲ.

ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಊರು ದಾಟುವಾಗ ಫೋನು ಒಮ್ಮೆ ಅದುರಿತು. ನಿಲೋಫರ ಬರೆದಿದ್ದಳು: ‘ಇನ್ನ ಮುಂದ ಖರೆ ಇದ್ದರ ಖರೆ, ಸುಳ್ಳಿದ್ದರ ಸುಳ್ಳು ಅಂತ ಬಾಯಿಬಿಟ್ಟ ಹೇಳ್ತೀನಿ. ಹಿಂದ ಉತ್ತರ ಸಿಗದವ್ರು ಮತ್ತ ಕೇಳ್ರಿ.’ ಅದರ ಬೆನ್ನಿಗೇ ಪ್ರಶ್ನೆಗಳು ಸುರಿಯತೊಡಗಿದವು. ಎಷ್ಟೋ ದಿನಗಳಿಂದ ಅವನು ಹೆಬ್ಬೆರಳು ಒತ್ತದೆ ಬಿಟ್ಟ ಜಾಹೀರಾತುಗಳೆಲ್ಲ ಒಂದೊಂದಾಗಿ ಮತ್ತೆ ಬಂದವು. ಅವು ಮೋಸದವು ಎಂದೇ ಅವನು ಬಿಟ್ಟಿದ್ದು. ಅದನ್ನು ಈಗ ಹೇಳಿದರೂ ನಂಬುವವರಿರಲಿಲ್ಲ.

“ಎಲ್ಲೀಗ್ರಿ?” ಎಂದು ಕಂಡಕ್ಟರ್ ಕೇಳಿದ. ಉತ್ತರ ಬರಲಿಲ್ಲವೆಂದು ಭುಜ ತಟ್ಟಿದ. “ಏನ್ರೀ, ನಿಮ್ಮನ್ನ ಕೇಳೂದು. ಎಲ್ಲೀಗ?”

ವಿಜಯೇಂದ್ರ ತಲೆ ಎತ್ತಿದ. “ಗಜೇಂದ್ರಗಡ,” ಎಂದು ಬಾಯಿಬಿಟ್ಟು ಹೇಳಿದ.